ಸಹಾಯ ಬೇಕು: ತೆನೆಹಬ್ಬದ ನಗೆನಾಟಕಕ್ಕೆ ಮಾತು ಬರೆಯುವವರು

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ; ಅವತ್ತೇ ನಮ್ಮ ತೆನೆಹಬ್ಬ. ಆ ದಿನ ಚರ್ಚಲ್ಲಿ ಪೂಜೆ ಮುಗಿದ ಮೇಲೆ ಹತ್ತು ನಿಮಿಷದ ನಾಟಕ ಆಡಬೇಕು ಅಂತಿದೀವಿ.

ಭಾನುವಾರ ಚರ್ಚಿಗೆ ಜನ ಬರ್ತಾರೆ. ಆದರೆ ಹಾಡೋದು, ಬೈಬಲ್ ವಾಚನ ಓದೋದು, ಹೂ ಜೋಡಿಸೋದು, ಕಸ ಗುಡಿಸೋದು ಎಲ್ಲಾ ಅದೇ ಐದು ಜನ. ಅವರಲ್ಲಿ ಇಬ್ಬರಿಗೆ ಎಪ್ಪತ್ತು ದಾಟಿದೆ. ಈ ಮಳೇಲಿ ಕೊಡೆ ಹಿಡ್ಕೊಂಡು ಗದ್ದೆ ಅಂಚಲ್ಲಿ ನಡ್ಕೊಂಡು ಬಂದು ಬಾಗಿಲು ತೆಗೀತಾರೆ. ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ.

ಬೈಬಲಿನಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ, ಕಣ್ಣು ಕೈಗೆ 'ನೀನು ಬೇಡ' ಅನ್ನೋಕಾಗಲ್ಲ ಅಂತ ಇದೆಯಲ್ಲ, ಅದೇ ನಾಟಕದ ಎಳೆ. ಕಣ್ಣು, ಕೈ, ಕಾಲು, ಹೊಟ್ಟೆ ಜಗಳಕ್ಕೆ ಬೀಳ್ತವೆ. ಅಡಿಕೆ ಸುಲಿದು ಸುಸ್ತಾದ ಕೈ ಮುಷ್ಕರ ಹೂಡುತ್ತೆ. ಎದುರಿಗೆ ಬಿಸಿಬಿಸಿ ಕಡುಬು ಇದ್ರೂ ಹೊಟ್ಟೆಗೆ ಇಳಿಯಲ್ಲ! ಇಲ್ಲಿವರೆಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದೆ ಬರೆದದ್ದೆಲ್ಲ ಉಪದೇಶ ಆಗ್ತಿದೆ.

ಪೂಜೆಯಲ್ಲಿ ಜನರೆಲ್ಲ ಸಕ್ರಿಯವಾಗಿ ಪಾಲ್ಗೊಳ್ಳಬೇಕು ಅಂತ ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಪೂಜೆಯಲ್ಲಿ ಲ್ಯಾಟಿನ್ ಹೋಗಿ ಕನ್ನಡ ಬಂದದ್ದು ಆಮೇಲೆ. ನಮ್ಮದೇ ಭಾಷೆ ಸಿಕ್ಕಮೇಲೂ ಬಾಯಿ ಬಿಡದೆ ಕೂರಬಾರದು ಅನ್ನೋದು ನನ್ನ ಆಸೆ.

ತೀರ್ಥಹಳ್ಳಿ, ಹೊಸನಗರ ಕಡೆ ಮಾತಲ್ಲಿ ಸಂಭಾಷಣೆ ಬರೆಯಬಲ್ಲವರು ದಯವಿಟ್ಟು ತಿಳಿಸಿ. ಯಾರ ಹೆಸರೂ, ಯಾರ ಬಡತನವೂ ನಗೆಗೆ ಗುರಿಯಾಗಬಾರದು, ಅದೊಂದೇ ಷರತ್ತು. ಹೊಟ್ಟೆಯ ಪಾತ್ರಕ್ಕೆ ಜೋರು ದನಿಯವರೂ ಬೇಕು. ಅಭ್ಯಾಸ ಭಾನುವಾರ ಮಧ್ಯಾಹ್ನ ಮೂರಕ್ಕೆ. ಕಾಫಿ, ಅವಲಕ್ಕಿ ನಮ್ಮ ಮನೇದು.