ಚರ್ಚೆ: ಬಾಡಿಗೆ ಸೈಕಲ್ ಯೋಜನೆಯಲ್ಲಿ ಶಿವಮೊಗ್ಗದವರಿಗೆ ತೃಪ್ತಿ ಕೊಡುವುದು ಯಾವುದು?

ವಿನೋಬನಗರ ನಿವಾಸಿ: ಸಾರ್ವಜನಿಕ ಬಾಡಿಗೆ ಸೈಕಲ್‌ಗಳ ಮಾತು ಬಂದಾಗಲೆಲ್ಲ ಎಷ್ಟು ಸೈಕಲ್ ತಂದರು, ಎಷ್ಟು ಖರ್ಚಾಯಿತು ಎಂಬಲ್ಲಿಗೇ ಚರ್ಚೆ ನಿಲ್ಲುತ್ತದೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಶುರುವಾದಾಗಲೂ ಎಲ್ಲರ ಬಾಯಲ್ಲಿದ್ದದ್ದು ಸುಮಾರು 450 ಸೈಕಲ್‌ಗಳೆಂಬ ಲೆಕ್ಕವೇ. ಆದರೆ ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ಇಂಥ ವ್ಯವಸ್ಥೆಯಲ್ಲಿ ಬಳಸುವವರು ಬಯಸುವುದು ಎರಡು ಖಾತ್ರಿಗಳನ್ನು: ಹೋದಾಗ ಓಡಿಸಲು ಯೋಗ್ಯವಾದ ಸೈಕಲ್ ಇರಬೇಕು, ತಲುಪಿದಲ್ಲಿ ಅದನ್ನು ಬಿಡಲು ಜಾಗವಿರಬೇಕು.

ಗಾಂಧಿ ಬಜಾರ್ ವ್ಯಾಪಾರಿ: ನನಗೆ ಬಾಡಿಗೆಯೇ ಮುಖ್ಯವೆನಿಸುತ್ತದೆ. ಆಟೋದವರಿಗೆ ಕೊಡುವುದಕ್ಕಿಂತ ಬಹಳ ಕಡಿಮೆಯಾದರೆ ಜನ ಸಣ್ಣಪುಟ್ಟ ಕೊರತೆಗಳನ್ನು ಸಹಿಸಿಕೊಳ್ಳುತ್ತಾರೆ.

ವಿನೋಬನಗರ ನಿವಾಸಿ: ಕಡಿಮೆ ಬಾಡಿಗೆ ಹೊಸಬರನ್ನು ಕರೆತರಬಹುದು ಸರ್, ಆದರೆ ನಂಬಿಕೆ ಹೋದ ಮೇಲೆ ಯಾರನ್ನೂ ಹಿಡಿದಿಡುವುದಿಲ್ಲ. ಚೀನಾದ ‘ಓಫೊ’ ಎಂಬ ಬಾಡಿಗೆ ಸೈಕಲ್ ಕಂಪನಿಯ ದರ ಅತಿ ಅಗ್ಗವಾಗಿತ್ತು. 2018ರ ಕೊನೆಗೆ ಠೇವಣಿ ವಾಪಸು ಕೇಳಿಕೊಂಡು ಜನ ಬೀಜಿಂಗ್‌ನ ಅದರ ಕಚೇರಿಯ ಮುಂದೆ ಸಾಲುಗಟ್ಟಿ ನಿಂತಿದ್ದರು.

ಸಾಗರದ ಉಪನ್ಯಾಸಕಿ: ಶಿವಮೊಗ್ಗ ನಗರ ಬಹುಮಟ್ಟಿಗೆ ಸಮತಟ್ಟಾಗಿದೆ. ಮಲೆನಾಡಿನ ಏರುತಗ್ಗಿನ ಊರುಗಳಿಗೆ ಇದೇ ಯೋಜನೆ ಬಂದರೆ ನಿಮ್ಮ ಎರಡು ಖಾತ್ರಿಗಳೂ ಒಟ್ಟಿಗೇ ಕೈಕೊಡುತ್ತವೆ, ಏಕೆಂದರೆ ಬೆಳಿಗ್ಗೆ ಇಳಿಜಾರಿನಲ್ಲಿ ಆರಾಮವಾಗಿ ಬಂದವರು ಸಂಜೆ ಏರು ತುಳಿಯಲಾರದೆ ಬಸ್ಸು ಹತ್ತುತ್ತಾರೆ. ಮೇಲಿನ ನಿಲ್ದಾಣ ಬರಿದಾಗುತ್ತದೆ, ಪೇಟೆಯ ನಿಲ್ದಾಣ ತುಂಬಿ ತುಳುಕುತ್ತದೆ. ಪ್ಯಾರಿಸ್‌ನಲ್ಲಿ 2007ರಲ್ಲಿ ಆರಂಭವಾದ ‘ವೆಲಿಬ್’ಗೂ ಇದೇ ತೊಡಕು ಎದುರಾಗಿ, ಎತ್ತರದ ನಿಲ್ದಾಣಕ್ಕೆ ಸೈಕಲ್ ತಂದು ಬಿಟ್ಟವರಿಗೆ ಹೆಚ್ಚುವರಿ ಉಚಿತ ನಿಮಿಷಗಳನ್ನು ಕೊಡುವ ಕ್ರಮವನ್ನು ಮರುವರ್ಷ ತರಲಾಯಿತು. ಅದೂ ಸಾಲದೆ ಸೈಕಲ್‌ಗಳನ್ನು ವಾಹನಗಳಲ್ಲಿ ಹೇರಿ ಮೇಲಕ್ಕೆ ಸಾಗಿಸಬೇಕಾಯಿತು. ನಮ್ಮಲ್ಲಿ ಆ ವಾಹನದ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸುವವರು ಯಾರು?

ಮಳೆಗಾಲದ ಮಾತಂತೂ ಇನ್ನೂ ಗಂಭೀರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ನಿಂತ ಸೈಕಲ್ಲಿನ ಚೈನು ತುಕ್ಕು ಹಿಡಿಯುತ್ತದೆ, ಸೀಟು ಒದ್ದೆಯಾಗಿರುತ್ತದೆ, ಬ್ರೇಕು ಹಿಡಿಯುವುದಿಲ್ಲ. ನಿಲ್ದಾಣಕ್ಕೆ ಮಾಡು ಹಾಕಿಸದೆ, ಸೈಕಲ್ಲಿಗೆ ಒಳ್ಳೆಯ ಮಡ್‌ಗಾರ್ಡ್ ಮತ್ತು ಚೈನ್ ಕವರ್ ಹಾಕಿಸದೆ ಸೀರೆ, ಚೂಡಿದಾರ್ ತೊಟ್ಟು ಕೆಲಸಕ್ಕೆ ಹೋಗುವ ನಮ್ಮಂಥವರಿಂದ ತೃಪ್ತಿಯ ಮಾತನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ದುರ್ಗಿಗುಡಿ ಓದುಗ: ಮೇಡಂ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ, ಆದರೆ ರಸ್ತೆಯನ್ನು ಎಲ್ಲರೂ ಮರೆತಿದ್ದೀರಿ. ಬಿ.ಎಚ್. ರಸ್ತೆಯಲ್ಲಿ ಬಸ್ಸು ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಸಾಗಬೇಕಾದರೆ ಎಂಥ ಸೈಕಲ್ ಕೊಟ್ಟರೂ ಪ್ರಯೋಜನವಿಲ್ಲ. ಸ್ಪೇನಿನ ಸೆವಿಲ್ ನಗರ 2007ರಲ್ಲಿ ಬಾಡಿಗೆ ಸೈಕಲ್ ತಂದಾಗ ವಾಹನಗಳಿಂದ ಬೇರ್ಪಟ್ಟ ಸೈಕಲ್ ಪಥಗಳನ್ನೂ ಜೊತೆಜೊತೆಗೇ ಕಟ್ಟಿತು. ಅಲ್ಲಿ ಸೈಕಲ್ ಬಳಕೆ ಬೆಳೆದದ್ದು ಈ ಎರಡೂ ಸೇರಿದ್ದರಿಂದ.

ಗಾಂಧಿ ಬಜಾರ್ ವ್ಯಾಪಾರಿ: ಪಥ ಕಟ್ಟುವವರೆಗೆ ಕಾಯಬೇಕೆಂದರೆ ನಮ್ಮ ಕಾಲದಲ್ಲಿ ಇದು ಆಗುವುದಿಲ್ಲ.

ವಿನೋಬನಗರ ನಿವಾಸಿ: ಕಾಯದೆ ಮಾಡಬಹುದಾದದ್ದೂ ಇದೆ. ಬಸ್ ನಿಲ್ದಾಣ, ಮೆಗ್ಗಾನ್ ಆಸ್ಪತ್ರೆ, ಸಹ್ಯಾದ್ರಿ ಕಾಲೇಜುಗಳ ನಡುವೆ ಒಳರಸ್ತೆಗಳನ್ನು ಗುರುತಿಸಿ, ಅಷ್ಟಕ್ಕೇ ಮಾಡು ಹಾಕಿದ ನಿಲ್ದಾಣಗಳನ್ನು ಕಟ್ಟಲಿ. ರಿಪೇರಿಯನ್ನು ದೂರದ ಗುತ್ತಿಗೆದಾರರಿಗೆ ವಹಿಸುವ ಬದಲು ಆಯಾ ಬಡಾವಣೆಯ ಸೈಕಲ್ ಶಾಪಿನವರಿಗೇ ಕೊಟ್ಟು, ಪಂಕ್ಚರ್ ಆದ ಸೈಕಲ್ ಅದೇ ದಿನ ಸರಿಯಾಗಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಬೇಕು.