ತಲೆಯ ನೀರುಚೀಲ, ಬೆನ್ನುಹುರಿಯ ನೀರುಚೀಲ: ಯಾವುದಕ್ಕೆ ಕಾಯಬಹುದು?

ಕುಂಬಳೆ_ನರ್ಸ್ ಕೇಳಿದ್ದು:

ಅರಾಕ್ನಾಯ್ಡ್ ಸಿಸ್ಟ್ (ನೀರುಚೀಲ) ಎಂದು ಬರೆದ ಎರಡು ಎಂ.ಆರ್.ಐ. ರಿಪೋರ್ಟ್ ಉಂಟು. ಒಂದು 9 ವರ್ಷದ ಹುಡುಗನದ್ದು: ಮಿದುಳಿನ ಎಡ ಟೆಂಪೊರಲ್ ಭಾಗ (ಕಿವಿಯ ಬದಿ), 4.5×3.2×3 ಸೆಂ.ಮೀ., ‘ಗಲಾಸಿ 2’ ಎಂದು ಬರೆದಿದೆ. ಆಗಾಗ ತಲೆನೋವು ಬರುತ್ತದೆ, ಶಾಲೆಯಲ್ಲಿ ಕಬಡ್ಡಿ ಆಡುತ್ತಾನೆ. ಇನ್ನೊಂದು 42 ವರ್ಷದ ಹೆಂಗಸಿನದ್ದು: ಎದೆಮಟ್ಟದ ಬೆನ್ನುಹುರಿಯ ಹಿಂಬದಿ, ಟಿ5ರಿಂದ ಟಿ8ರವರೆಗೆ (ಎದೆಮಟ್ಟದ 5ರಿಂದ 8ನೆಯ ಬೆನ್ನುಮೂಳೆ). ನಡೆಯುವಾಗ ಕಾಲು ಬಿಗಿಯುತ್ತದೆ. ಡಾಕ್ಟರು ಮಲಯಾಳದಲ್ಲಿ ‘ಮುಳ’ (ಉಬ್ಬು) ಎಂದದ್ದು ಮನೆ ತಲುಪುವಾಗ ‘ಗಡ್ಡೆ’ ಆಗಿ, ಎರಡೂ ಮನೆಯವರು ಕ್ಯಾನ್ಸರ್ ಎಂದೇ ಹೆದರಿದ್ದಾರೆ. ಯಾರಿಗೆ ಆಪರೇಷನ್ ಬೇಕು, ಯಾರು ಕಾಯಬಹುದು? ಡಾಕ್ಟರಲ್ಲಿ ಏನೇನು ಕೇಳಬೇಕು?

ಸ್ಕ್ಯಾನ್_ಓದುವವ:

ಮೊದಲು ಆ ‘ಗಡ್ಡೆ’ ಎಂಬ ಮಾತನ್ನು ತೆಗೆಯಿರಿ ಅಕ್ಕ. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿದ ಜೇಡರಬಲೆಯಂಥ ತೆಳು ಪೊರೆ ಎರಡಾಗಿ ಸೀಳಿ, ನಡುವೆ ಮಿದುಳಿನ ನೀರು, ಅಂದರೆ ಸಿ.ಎಸ್.ಎಫ್., ತುಂಬಿದ ಚೀಲ ಅದು. ಹೆಚ್ಚಿನವು ಹುಟ್ಟಿನಿಂದಲೇ ಇರುತ್ತವೆ. ಪೆಟ್ಟು, ಸೋಂಕು, ಆಪರೇಷನ್ ಆದ ಮೇಲೆ ಬರುವುದೂ ಉಂಟು. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುವುದೂ ಇಲ್ಲ.

ರಿಪೋರ್ಟಿನಲ್ಲಿ ಮೂರು ಸಂಗತಿ ನೋಡಿ. ಚೀಲದೊಳಗಿನ ನೀರು ಎಲ್ಲ ಸೀಕ್ವೆನ್ಸಿನಲ್ಲೂ, ಅಂದರೆ ಎಂ.ಆರ್.ಐ.ಯ ಎಲ್ಲ ಬಗೆಯ ಚಿತ್ರಗಳಲ್ಲೂ, ಸಿ.ಎಸ್.ಎಫ್.ನ ಹಾಗೆಯೇ ಕಾಣಬೇಕು, ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಕಪ್ಪಾಗಬೇಕು. ಕಾಂಟ್ರಾಸ್ಟ್ ಔಷಧ ಕೊಟ್ಟರೆ ಗೋಡೆ ಹೊಳೆಯಬಾರದು. ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗಾಗಬಾರದು. ಮೂರನೆಯದನ್ನು ಬಿಟ್ಟರೆ ಮೋಸವಾಗುವುದು, ಯಾಕೆಂದರೆ ಎಪಿಡರ್ಮಾಯ್ಡ್ ಎಂಬ ಬೇರೆ ಸಿಸ್ಟ್ ಮೇಲ್ನೋಟಕ್ಕೆ ಇದರಂತೆಯೇ ಇದ್ದು, ಡಿಫ್ಯೂಷನ್‌ನಲ್ಲಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಗಲಾಸಿ ಅಂಕಿ 1982ರ ವಿಂಗಡಣೆ, ಟೆಂಪೊರಲ್ ಭಾಗದ ಸಿಸ್ಟಿಗೆ ಮಾತ್ರ. 1 ಅಂದರೆ ಮೂಲೆಯಲ್ಲಿರುವ ಚಿಕ್ಕದು. 2 ಮಧ್ಯಮ, ಅಕ್ಕಪಕ್ಕದ ನೀರಿನ ಜಾಗಕ್ಕೆ ನಿಧಾನವಾಗಿ ಸಂಪರ್ಕ ಇರುವಂಥದ್ದು. 3 ದೊಡ್ಡದು, ಮಿದುಳನ್ನು ಮಧ್ಯಗೆರೆಯಿಂದ ಆಚೆ ತಳ್ಳಿರುವಂಥದ್ದು. ಈ ಅಂಕಿ ಆಕಾರವನ್ನು ಹೇಳುತ್ತದೆ, ಆಪರೇಷನ್ ಬೇಕೋ ಬೇಡವೋ ಎಂದು ಹೇಳುವುದಿಲ್ಲ.

ನರಶಸ್ತ್ರ_ವಿಭಾಗ:

ಹುಡುಗನ ವಿಷಯದಲ್ಲಿ ಕೇಳಬೇಕಾದ್ದು ಸೆಂಟಿಮೀಟರ್ ಅಲ್ಲ, ತಲೆನೋವು ಈ ಸಿಸ್ಟಿನಿಂದಲೇ ಬರುತ್ತಿದೆಯೇ ಎಂದು. ಮಕ್ಕಳಿಗೆ ಮೈಗ್ರೇನ್ ಸಾಮಾನ್ಯ, ಸಿಸ್ಟ್ ಕೂಡ ಅಪರೂಪವಲ್ಲ, ಎರಡೂ ಒಬ್ಬನಲ್ಲೇ ಇರಬಹುದು. ಬೆಳಗ್ಗೆ ಏಳುವಾಗ ಹೆಚ್ಚಾಗುವ, ವಾಂತಿಯೊಡನೆ ಬರುವ, ವಾರದಿಂದ ವಾರಕ್ಕೆ ಏರುತ್ತ ಹೋಗುವ ನೋವಾದರೆ ಒತ್ತಡದ ಅನುಮಾನ. ಮೊದಲು ಕಣ್ಣಿನ ಡಾಕ್ಟರಲ್ಲಿ ಫಂಡಸ್, ಅಂದರೆ ಕಣ್ಣಿನ ಒಳಹಿಂಬದಿ, ನೋಡಿಸಿ. ಅಲ್ಲಿ ಕಣ್ಣಿನ ನರದ ತುದಿ ಊದಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ಊದಿಲ್ಲ, ಬೆಳವಣಿಗೆ ಸರಿ ಇದೆ, ನೋವು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತದೆ ಎಂದಾದರೆ ಹೆಚ್ಚಿನವರಿಗೆ ಗಮನಿಸುತ್ತ ಇರುವುದೇ ಚಿಕಿತ್ಸೆ. 6 ತಿಂಗಳಿಂದ 1 ವರ್ಷದೊಳಗೆ ಮತ್ತೊಂದು ಎಂ.ಆರ್.ಐ. ಮಾಡಿ ಹೋಲಿಸುತ್ತಾರೆ. ಸಿಸ್ಟ್ ದೊಡ್ಡದಾಗುವ ಸಂಭವ ಎಳೆಗೂಸುಗಳಲ್ಲೇ ಹೆಚ್ಚು. ಅವರಲ್ಲಿ ತಲೆಯ ಸುತ್ತಳತೆ ಅಳೆದು ಬರೆದಿಡಬೇಕು.

ಫಿಟ್ಸ್ ಇದ್ದವರಿಗೆ ಒಂದು ಮಾತು. ಇ.ಇ.ಜಿ. (ಮಿದುಳಿನ ವಿದ್ಯುತ್ ಪರೀಕ್ಷೆ) ತೋರಿಸುವ ಫಿಟ್ಸಿನ ಜಾಗವೂ ಸಿಸ್ಟ್ ಇರುವ ಜಾಗವೂ ಒಂದೇ ಅಲ್ಲದಿದ್ದರೆ, ಸಿಸ್ಟ್ ತೆರೆದದ್ದರಿಂದ ಫಿಟ್ಸ್ ನಿಲ್ಲುವುದಿಲ್ಲ.

ಆಪರೇಷನ್ ಬೇಕಾದರೆ ಮುಖ್ಯವಾಗಿ ಎರಡು ದಾರಿ. ಒಂದು ಫೆನೆಸ್ಟ್ರೇಷನ್: ಮೈಕ್ರೋಸ್ಕೋಪ್ ಅಥವಾ ಎಂಡೋಸ್ಕೋಪ್ ಬಳಸಿ ಚೀಲದ ಗೋಡೆಗೆ ಕಿಂಡಿ ಮಾಡಿ, ಮಿದುಳಿನ ತಳದ ನೀರಿನ ಜಾಗಕ್ಕೆ ದಾರಿ ಬಿಡುವುದು. ಟೆಂಪೊರಲ್ ಸಿಸ್ಟಿನಲ್ಲಿ ಆ ಕಿಂಡಿ ಕಣ್ಣಿನ ನರ, ಕೆರೋಟಿಡ್ ರಕ್ತನಾಳ, ರೆಪ್ಪೆ ಎತ್ತುವ ಮೂರನೆಯ ನರ ಇವುಗಳ ನಡುವೆ ಬರುತ್ತದೆ. ಹಾಗಾಗಿ ರೆಪ್ಪೆ ಇಳಿಯುವುದು, ಎರಡೆರಡು ಕಾಣುವುದು, ಗಾಯದಿಂದ ನೀರು ಸೋರುವುದು, ಮಿದುಳಿನ ಮೇಲೆ ನೀರು ನಿಲ್ಲುವುದು ಇವೆಲ್ಲ ಆಗಬಹುದು. ಕಿಂಡಿ ಮತ್ತೆ ಮುಚ್ಚಿಕೊಳ್ಳಲೂಬಹುದು.

ಇನ್ನೊಂದು ಶಂಟ್: ಚೀಲದಿಂದ ಚರ್ಮದಡಿ ಟ್ಯೂಬ್ ಎಳೆದು ಹೊಟ್ಟೆಗೆ ಬಿಡುವುದು. ಆಪರೇಷನ್ ಸರಳ, ಆದರೆ ಟ್ಯೂಬ್ ಕಟ್ಟುತ್ತದೆ, ಸೋಂಕಾಗುತ್ತದೆ, ನೀರು ಅತಿಯಾಗಿ ಇಳಿದು ಬೇರೆಯದೇ ತಲೆನೋವು ಬರುತ್ತದೆ, ಕೆಲವರು ಜೀವಮಾನವಿಡೀ ಅದನ್ನೇ ಅವಲಂಬಿಸಬೇಕಾಗುತ್ತದೆ. ಮಗುವಿಗೆ ಕಿಂಡಿ ಸಾಧ್ಯವಿರುವಾಗ ಶಂಟ್ ಮೊದಲ ಆಯ್ಕೆ ಆಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಶಂಟ್ ಹಾಕಿದ್ದರೆ ನೀರಿನ ಹರಿವನ್ನು ಹಿಡಿತದಲ್ಲಿಡುವ ವಾಲ್ವಿನ ಹೆಸರು, ಸೆಟ್ಟಿಂಗ್ ಬರೆದ ಕಾರ್ಡ್ ಯಾವಾಗಲೂ ಜೊತೆಗಿರಲಿ. ಹೊರಗಿನಿಂದ ಬದಲಿಸಬಲ್ಲ ವಾಲ್ವಾದರೆ ಪ್ರತಿ ಎಂ.ಆರ್.ಐ. ಆದ ಮೇಲೂ ಸೆಟ್ಟಿಂಗ್ ಪರೀಕ್ಷಿಸಬೇಕು.

ಆಪರೇಷನ್ ಆದ ಮೇಲೂ ಸ್ಕ್ಯಾನಿನಲ್ಲಿ ಚೀಲ ಅಷ್ಟೇ ದೊಡ್ಡದಾಗಿ ಕಾಣಬಹುದು. ತೊಂದರೆ ಕಡಿಮೆಯಾಯಿತೇ ಎಂಬುದೇ ಅಳತೆ. ಇದನ್ನು ಮನೆಯವರಿಗೆ ಮೊದಲೇ ಹೇಳದೆ ಇದ್ದರೆ ಆಮೇಲೆ ಆಪರೇಷನ್ ಸೋತಿತೆಂದು ದುಃಖಪಡುತ್ತಾರೆ.

ಕುಂಬಳೆ_ನರ್ಸ್:

ಸರ್, ಕಬಡ್ಡಿ ನಿಲ್ಲಿಸಬೇಕಾ?

ನರಶಸ್ತ್ರ_ವಿಭಾಗ:

ಎಲ್ಲರಿಗೂ ನಿಷೇಧ ಎಂಬ ನಿಯಮ ಇಲ್ಲ. ಚೀಲದ ಗೋಡೆಯ ಸಣ್ಣ ರಕ್ತನಾಳಗಳು ಚಿಕ್ಕ ಪೆಟ್ಟಿಗೂ ಹರಿದು ಸಬ್‌ಡ್ಯೂರಲ್ ರಕ್ತಸ್ರಾವ (ಮಿದುಳಿನ ಹೊರಪೊರೆಯಡಿ ರಕ್ತ ಸೋರುವುದು) ಆಗಬಹುದು. ಸಂಭವ ಕಡಿಮೆ, ಆದರೆ ಇಲ್ಲವೆನ್ನಲಾಗದು. ಕಬಡ್ಡಿಯಲ್ಲಿ ತಲೆ ನೆಲಕ್ಕೆ ಬಡಿಯುವುದು ಸಾಮಾನ್ಯ, ಹಾಗಾಗಿ ಮಗುವನ್ನು ನೋಡಿದ ಡಾಕ್ಟರಲ್ಲೇ ಕೇಳಿ ತೀರ್ಮಾನಿಸಿ. ಆಡಲಿ, ಆಡದಿರಲಿ, ಪೆಟ್ಟು ಬಿದ್ದ ಕೆಲವು ದಿನ ಅಥವಾ ವಾರಗಳ ನಂತರ ಏರುವ ತಲೆನೋವು, ವಾಂತಿ, ಮಂಪರು ಬಂದರೆ ಅಂದೇ ಸಿ.ಟಿ. ಮಾಡಿಸಬೇಕು. ಇದನ್ನು ಪಿ.ಟಿ. ಮಾಸ್ತರರಿಗೂ ತಿಳಿಸಿ.

ಬೆನ್ನುಹುರಿ_ಫಿಸಿಯೊ:

ನನಗೆ ಹೆಚ್ಚು ಕಳವಳ ಆ ಹೆಂಗಸಿನ ಬಗ್ಗೆ. ಬೆನ್ನುಹುರಿಗೆ ಜಾಗ ಇಕ್ಕಟ್ಟು, ಅಲ್ಲಿ ಕಾಲು ಬಿಗಿಯುವುದು ಶುರುವಾದ ಮೇಲೆ ಕಾಯುವುದಕ್ಕಿಲ್ಲ. ಹೀಗೆ ಕೇಳಿ: ಚಪ್ಪಲಿ ಗೊತ್ತಾಗದೆ ಕಾಲಿನಿಂದ ಜಾರುತ್ತದೆಯೇ? ಕಣ್ಣು ಮುಚ್ಚಿ ಮುಖ ತೊಳೆಯುವಾಗ, ಕತ್ತಲಲ್ಲಿ ಅಂಗಳಕ್ಕೆ ಇಳಿಯುವಾಗ ತೂಗಾಡುತ್ತಾರೆಯೇ? ಮೂತ್ರ ಬಂದ ಕೂಡಲೇ ಓಡಬೇಕಾಗುತ್ತದೆಯೇ? ಹೌದಾದರೆ ಈ ವಾರವೇ ನ್ಯೂರೋಸರ್ಜನ್ ನೋಡಲಿ.

ಇವರಿಗೆ ಎದೆಮಟ್ಟದ ಎಂ.ಆರ್.ಐ. ಆಗಿದೆ, ಒಳ್ಳೆಯದಾಯಿತು. ಎಷ್ಟೋ ಕಡೆ ಸೊಂಟನೋವು ಎಂದು ಸೊಂಟದ ಸ್ಕ್ಯಾನ್ ಮಾತ್ರ ಮಾಡಿ, ಮೇಲಿರುವುದು ತಪ್ಪಿಹೋಗುತ್ತದೆ.

ಸ್ಕ್ಯಾನ್_ಓದುವವ:

ಅದಕ್ಕೆ ಇದೊಂದು ಸೇರಿಸಿ. ಬೆನ್ನುಹುರಿ ಮುಂದಕ್ಕೆ ಸರಿದು ಹಿಂದೆ ನೀರು ತುಂಬಿ ಕಂಡರೆ ಅದು ಸಿಸ್ಟೇ ಆಗಬೇಕೆಂದಿಲ್ಲ. ಮುಂಬದಿಯಲ್ಲಿ ಡ್ಯೂರಾ ಎಂಬ ದಪ್ಪ ಹೊರಪೊರೆಯ ತೂತಿನಲ್ಲಿ ಬೆನ್ನುಹುರಿಯೇ ಸಿಕ್ಕಿಕೊಂಡಿದ್ದರೂ ಹಾಗೇ ಕಾಣುತ್ತದೆ. ಸಿಸ್ ಎಂಬ ತೆಳು ಪದರದ ಸೀಕ್ವೆನ್ಸ್ ಅಥವಾ ಸಿ.ಟಿ. ಮೈಲೋಗ್ರಾಂ (ಬೆನ್ನುಹುರಿಯ ಸುತ್ತಲ ನೀರಿಗೆ ಔಷಧ ಹಾಕಿ ತೆಗೆಯುವ ಸಿ.ಟಿ.) ಇದನ್ನು ಬಿಡಿಸುತ್ತದೆ. ಚೀಲ ಡ್ಯೂರಾದ ಒಳಗೋ ಹೊರಗೋ ಎಂಬುದನ್ನೂ ಕೇಳಿ. ಹೊರಗಿನದ್ದಾದರೆ ಡ್ಯೂರಾದಲ್ಲಿನ ತೂತನ್ನು ಹುಡುಕಿ ಮುಚ್ಚುವುದೇ ಮುಖ್ಯ. ಅದನ್ನು ಬಿಟ್ಟು ಸೂಜಿಯಿಂದ ನೀರು ತೆಗೆದರೆ ಮತ್ತೆ ತುಂಬುತ್ತದೆ. ಒಳಗಿನದ್ದಾದರೆ ಗೋಡೆಯನ್ನು ಸಾಧ್ಯವಾದಷ್ಟು ತೆಗೆಯುತ್ತಾರೆ, ಹುರಿಗೆ ಅಂಟಿದ ಭಾಗವನ್ನು ಎಳೆಯದೆ ಬಿಡುತ್ತಾರೆ.

ಮಂಗಳೂರಿಗೆ ಹೋಗಲಿ, ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಗೆ ಹೋಗಲಿ, ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಲಿ, ಫಿಲ್ಮ್ ಮಾತ್ರ ಸಾಲದು, ಸ್ಕ್ಯಾನಿನ ಸಿಡಿ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಕಳಿಸಿದ ಫಿಲ್ಮಿನ ಫೋಟೋದಲ್ಲಿ ತೆಳು ಪೊರೆ ಕಾಣುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಯೋಜನೆಯ ಕಾರ್ಡ್ ತಲಪಾಡಿ ಗಡಿಯಾಚೆ ಕರ್ನಾಟಕದ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ವಿಚಾರಿಸಿ.