ತಂದೆಯವರ ಡಿಸ್ಚಾರ್ಜ್ ಬುಕ್‌ನಲ್ಲಿ 1971ರ ಪದಕಗಳ ನಮೂದಿಲ್ಲ: ತಿದ್ದುಪಡಿ ಮಾಡಿಸುವುದು ಹೇಗೆ?

ಪ್ರಶ್ನೆ: ಮಾಜಿ ಸೈನಿಕರ ಮಗಳು, ಹಾಸನ ಜಿಲ್ಲೆ

ನನ್ನ ತಂದೆಯವರು 1963ರಲ್ಲಿ ಭೂಸೇನೆಗೆ ಸೇರಿ, 1979ರಲ್ಲಿ ಹವಾಲ್ದಾರರಾಗಿ ಪಿಂಚಣಿಯೊಂದಿಗೆ ನಿವೃತ್ತರಾದವರು. ಈಗ ಅವರಿಗೆ ಎಂಬತ್ತು ದಾಟಿದೆ. ನೆನಪು ಚೆನ್ನಾಗಿದೆ, ಆದರೆ ಬರೆಯಲು ಕೈ ನಡುಗುತ್ತದೆ. ನಿವೃತ್ತಿಯ ಸಮಯದಲ್ಲಿ ಸೇನೆಯು ಸೇವಾ ವಿವರಗಳನ್ನು ಬರೆದು ಕೊಟ್ಟ ಅವರ ಡಿಸ್ಚಾರ್ಜ್ ಬುಕ್‌ನಲ್ಲಿ ಪದಕಗಳಿಗೆಂದು ಇರುವ ಪುಟದಲ್ಲಿ ರಕ್ಷಾ ಪದಕ 1965, ಸೈನ್ಯ ಸೇವಾ ಪದಕ ಮತ್ತು ಒಂಬತ್ತು ವರ್ಷಗಳ ದೀರ್ಘ ಸೇವಾ ಪದಕ ಮಾತ್ರ ನಮೂದಾಗಿವೆ. 1971ರ ಡಿಸೆಂಬರ್‌ನಲ್ಲಿ ಅಗರ್ತಲಾ ಕಡೆಯಿಂದ ಗಡಿ ದಾಟಿದ ಪಡೆಯಲ್ಲಿ ಅವರಿದ್ದರು. ಹಾಗಿದ್ದರೂ ಪೂರ್ವಿ ಸ್ಟಾರ್ ಆಗಲಿ, ಸಂಗ್ರಾಮ್ ಮೆಡಲ್ ಆಗಲಿ, 1972ರ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವ ಪದಕವಾಗಲಿ ಆ ಪುಟದಲ್ಲಿಲ್ಲ. ಯುದ್ಧ ಮುಗಿದ ಮರುವರ್ಷದ ಆರಂಭದಲ್ಲಿಯೇ ಅವರಿಗೆ ಬೇರೊಂದು ಘಟಕಕ್ಕೆ ವರ್ಗವಾಗಿತ್ತು.

1974ರಲ್ಲಿ ತೆಗೆಸಿದ ಮದುವೆಯ ಭಾವಚಿತ್ರದಲ್ಲಿ ಅವರು ಸಮವಸ್ತ್ರದಲ್ಲಿದ್ದಾರೆ, ಎದೆಯ ಮೇಲೆ ರಿಬ್ಬನ್‌ಗಳ ಎರಡು ಸಾಲುಗಳು ಕಾಣುತ್ತವೆ. ಇದನ್ನೆಲ್ಲ ವಿವರಿಸಿ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದಾಗ, ಲಭ್ಯವಿರುವ ದಾಖಲೆಗಳಲ್ಲಿ ಅರ್ಹತೆ ಕಂಡುಬಂದಿಲ್ಲವೆಂಬ ಒಂದೇ ಸಾಲಿನ ಉತ್ತರ ಬಂತು. ಅರ್ಜಿಯನ್ನು ಯಾರ ಹೆಸರಿನಲ್ಲಿ, ಯಾವ ದಾಖಲೆಗಳೊಂದಿಗೆ ಕೊಡಬೇಕು? ಭಾವಚಿತ್ರವನ್ನು ಪುರಾವೆಯೆಂದು ಒಪ್ಪುತ್ತಾರೆಯೇ? ಇದರಿಂದ ಪಿಂಚಣಿಯಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ? ತಂದೆಯವರು ಹಣಕ್ಕಾಗಿ ಕೇಳುತ್ತಿಲ್ಲ. ತಾವು ಅಲ್ಲಿದ್ದೆವೆಂಬುದು ಕಾಗದದ ಮೇಲೂ ಇರಬೇಕೆಂಬುದಷ್ಟೇ ಅವರ ಆಸೆ.

ಉತ್ತರ: ನಿವೃತ್ತ ಸುಬೇದಾರ್ (ಕ್ಲರ್ಕ್), ಬೆಳಗಾವಿ

ಪಿಂಚಣಿಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಶೌರ್ಯಕ್ಕಾಗಿ ಕೊಡುವ ಸೇನಾ ಪದಕ, ಇಂಥವುಗಳಿಗೆ ಮಾಸಿಕ ಭತ್ಯೆಯುಂಟು. ನೀವು ಹೇಳಿದ ಮೂರೂ ಸೇವೆಯನ್ನು ಗುರುತಿಸುವ ಪದಕಗಳಾದ್ದರಿಂದ ಅವುಗಳಿಗೆ ಭತ್ಯೆಯಿಲ್ಲ, ಪಿಂಚಣಿಯೂ ಬದಲಾಗುವುದಿಲ್ಲ. ಇದನ್ನು ಅರ್ಜಿಯಲ್ಲಿಯೇ ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಿದರೆ ಒಳ್ಳೆಯದು. ಹಣದ ಬೇಡಿಕೆಯಿಲ್ಲವೆಂದು ತಿಳಿದ ಕಡತ ಸ್ವಲ್ಪ ಬೇಗ ಮುಂದಕ್ಕೆ ಹೋಗುತ್ತದೆ.

ಶೌರ್ಯ ಪ್ರಶಸ್ತಿಗಳು ಪಡೆದವರ ಹೆಸರಿನೊಂದಿಗೆ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. ಹಾಗಾಗಿ ಅಲ್ಲಿ ಪುರಾವೆ ಹುಡುಕುವುದು ಕಷ್ಟವಲ್ಲ. ಸೇವಾ ಪದಕಗಳ ದಾರಿಯೇ ಬೇರೆ. ಘಟಕವು ಅರ್ಹರ ಪಟ್ಟಿ ತಯಾರಿಸುತ್ತದೆ, ಆ ನಂತರ ಪಾರ್ಟ್ ಟೂ ಆರ್ಡರ್ (ಸೈನಿಕನ ಸೇವಾ ವಿವರಗಳನ್ನು ದಾಖಲಿಸುವ ಲಿಖಿತ ಆದೇಶ) ಪ್ರಕಟವಾಗುತ್ತದೆ, ಅದರ ಆಧಾರದ ಮೇಲೆ ದಳದ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿನವರು ಸೈನಿಕನ ಶೀಟ್ ರೋಲ್‌ನಲ್ಲಿ, ಅಂದರೆ ಅವನ ಮೂಲ ಸೇವಾ ದಾಖಲೆಯಲ್ಲಿ, ನಮೂದು ಮಾಡುತ್ತಾರೆ. ನಿವೃತ್ತಿಯ ಸಮಯದಲ್ಲಿ ಡಿಸ್ಚಾರ್ಜ್ ಬುಕ್ ಬರೆಯುವ ಕ್ಲರ್ಕ್ ಶೀಟ್ ರೋಲ್‌ನಲ್ಲಿರುವುದನ್ನು ಇಳಿಸಿಕೊಳ್ಳುತ್ತಾನೆಯೇ ಹೊರತು, ಎದುರಿಗೆ ನಿಂತವನು ಯಾವ ಯುದ್ಧದಲ್ಲಿದ್ದನೆಂದು ವಿಚಾರಿಸುವುದಿಲ್ಲ. ನಿಮ್ಮ ಬಳಿಯಿರುವ ಪುಸ್ತಕ ನಕಲು, ಕೊರತೆಯಿರುವುದು ಮೂಲದಲ್ಲಿ. ಆದ್ದರಿಂದ ಪುಸ್ತಕವನ್ನಷ್ಟೇ ತಿದ್ದಿಕೊಡಿ ಎಂದು ಕೇಳಬೇಡಿ. ಶೀಟ್ ರೋಲ್ ಪರಿಶೀಲಿಸಿ, ಬಿಟ್ಟುಹೋದ ಪದಕಗಳಿಗೆ ಪಾರ್ಟ್ ಟೂ ಆರ್ಡರ್ ಪ್ರಕಟಿಸಿ, ಅದರ ಸಂಖ್ಯೆಯನ್ನು ಡಿಸ್ಚಾರ್ಜ್ ಬುಕ್‌ನಲ್ಲಿ ಸಹಿ ಮೊಹರಿನೊಂದಿಗೆ ನಮೂದಿಸಬೇಕೆಂದು ಕೇಳಿ.

ನಿಮ್ಮ ತಂದೆಯವರ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಅಂಶ ಒಂದಿದೆ. ಬಿಟ್ಟುಹೋಗಿರುವ ಮೂರೂ ಪದಕಗಳು ಒಂದೇ ಅವಧಿಗೆ ಸೇರಿದವು, ಅದೇ ಅವಧಿಯಲ್ಲಿ ಅವರಿಗೆ ವರ್ಗವಾಗಿದೆ. ಹಳೆಯ ಘಟಕವು ಹೊಸ ಘಟಕದವರು ಹೆಸರು ಕಳಿಸುತ್ತಾರೆಂದು, ಹೊಸ ಘಟಕವು ಹಳೆಯವರು ಆಗಲೇ ಕಳಿಸಿದ್ದಾರೆಂದು ಭಾವಿಸಿ ಕೈಬಿಟ್ಟ ಪ್ರಕರಣಗಳನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ನೋಡಿದ್ದೇನೆ. ಪೂರ್ವಿ ಸ್ಟಾರ್‌ಗೆ 1971ರ ಡಿಸೆಂಬರ್ 3ರಿಂದ 16ರ ನಡುವೆ ಪೂರ್ವದ ಕಾರ್ಯಾಚರಣೆಯಲ್ಲಿ ಇದ್ದುದನ್ನು ತೋರಿಸಬೇಕು. ಸಂಗ್ರಾಮ್ ಮೆಡಲ್‌ನ ಅವಧಿ ದೊಡ್ಡದು: 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗೆ, ತ್ರಿಪುರಾ ಸೇರಿದಂತೆ ಗೊತ್ತುಪಡಿಸಿದ ಗಡಿ ರಾಜ್ಯಗಳಲ್ಲಿ ಮಾಡಿದ ಸೇವೆ ಅದಕ್ಕೆ ಸಲ್ಲುತ್ತದೆ. 25ನೇ ವಾರ್ಷಿಕೋತ್ಸವ ಪದಕಕ್ಕೆ ಯುದ್ಧಭೂಮಿಯ ಪುರಾವೆಯೇ ಬೇಡ, 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದರೆ ಸಾಕು. 1963ರಲ್ಲಿ ಸೇರಿ 1979ರಲ್ಲಿ ನಿವೃತ್ತರಾದವರು ಆ ದಿನ ಸೇವೆಯಲ್ಲಿರಲಿಲ್ಲವೆಂದು ಯಾರೂ ಹೇಳಲಾರರು.

ಹೀಗಾಗಿ ಅರ್ಜಿಯನ್ನು ಆ ಸಣ್ಣ ಪದಕದಿಂದಲೇ ಆರಂಭಿಸಿ. ಅದು ನಮೂದಾಗಿಲ್ಲವೆಂದರೆ ಆ ಕಾಲದ ದಾಖಲೆಯೇ ಅಪೂರ್ಣವೆಂದು ತಾನಾಗಿ ಸಿದ್ಧವಾಗುತ್ತದೆ. ಅಪೂರ್ಣವಾದ ದಾಖಲೆಯಲ್ಲಿ ಪೂರ್ವಿ ಸ್ಟಾರ್ ಕಾಣುವುದಿಲ್ಲವೆಂಬ ಕಾರಣಕ್ಕೆ ಅರ್ಹತೆಯಿಲ್ಲ ಎನ್ನುವುದು ಆಮೇಲೆ ಅವರಿಗೂ ಕಷ್ಟ. ಬಹಳಷ್ಟು ಜನ ಯುದ್ಧದ ಕಥೆಯನ್ನು ಪುಟಗಟ್ಟಲೆ ಬರೆಯುತ್ತಾರೆ. ಓದುವ ಕ್ಲರ್ಕ್‌ಗೆ ಬೇಕಾಗಿರುವುದು ದಿನಾಂಕ, ಘಟಕ ಮತ್ತು ಸ್ಥಳ, ಇಷ್ಟೇ.

ಭಾವಚಿತ್ರದ ಬಗ್ಗೆ: ಕಪ್ಪು ಬಿಳುಪಿನ ಚಿತ್ರದಲ್ಲಿ ರಿಬ್ಬನ್‌ಗಳನ್ನು ಎಣಿಸಬಹುದು, ಬಣ್ಣದ ಪಟ್ಟಿಗಳನ್ನು ಖಚಿತವಾಗಿ ಗುರುತಿಸಲಾಗದು. ಪದಕ ಕೈಗೆ ಬರುವ ಎಷ್ಟೋ ಮೊದಲೇ ರಿಬ್ಬನ್ ಧರಿಸುವ ವಾಡಿಕೆಯೂ ಇತ್ತು. ಅದನ್ನು ಲಗತ್ತಿಸಿ, ಆದರೆ ಅದರ ಮೇಲೆಯೇ ಭಾರ ಹಾಕಬೇಡಿ.

ಉತ್ತರ: ಓದುಗರು, ಕೊಡಗು

ನಮ್ಮ ಚಿಕ್ಕಪ್ಪನವರ ವಿಷಯದಲ್ಲಿ ಅಡ್ಡಿಯಾದದ್ದು ಹೆಸರು. ಮನೆತನದ ಹೆಸರು ಮೊದಲು ಬರುವ ನಮ್ಮ ಪದ್ಧತಿ ಉತ್ತರದ ಕಡೆಯ ಗುಮಾಸ್ತರಿಗೆ ಪರಿಚಿತವಲ್ಲ. ಒಂದು ಕಾಗದದಲ್ಲಿ ಮನೆತನದ ಹೆಸರೇ ಅವರ ಹೆಸರಾಗಿತ್ತು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಆಗಿತ್ತು, ಪಿಂಚಣಿ ಆದೇಶದಲ್ಲಿ ಮೂರನೆಯ ರೂಪವಿತ್ತು. ಬಯಲುಸೀಮೆಯ ಕಡೆ ಅಪ್ಪನ ಹೆಸರು, ಊರಿನ ಹೆಸರು ಎರಡೂ ಸೇರಿಕೊಳ್ಳುವುದರಿಂದ ಗೊಂದಲ ಇನ್ನೂ ಹೆಚ್ಚಿರಬಹುದು. ಕೊನೆಗೆ ಹೆಸರನ್ನು ಬಿಟ್ಟು ಸೇನಾ ಸಂಖ್ಯೆಯ ಮೇಲೆಯೇ ಹುಡುಕಿಸಿದಾಗ ಅವರ ಪದಕದ ನಮೂದು ಪತ್ತೆಯಾಯಿತು. ಸಂಖ್ಯೆಯ ಕೊನೆಯಲ್ಲಿರುವ ಅಕ್ಷರವನ್ನೂ ತಪ್ಪದೆ ಬರೆಯಿರಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಆಧಾರ್ ಇವುಗಳಲ್ಲಿ ಹೆಸರು ಬೇರೆ ಬೇರೆ ರೀತಿ ಇದ್ದರೆ, ಎಲ್ಲವೂ ಒಬ್ಬನೇ ವ್ಯಕ್ತಿಯವು ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ಮೊದಲೇ ಮಾಡಿಸಿ ಲಗತ್ತಿಸಿ.

ಅರ್ಜಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ, ಅವರ ಮುಖಪತ್ರದೊಂದಿಗೆ ಕಳಿಸಿದರೆ ಅದಕ್ಕೆ ಬೇರೆಯೇ ತೂಕ. ನಾವು ನೇರವಾಗಿ ಕಳಿಸಿದ ಪತ್ರಕ್ಕೂ ಅಲ್ಲಿಂದ ಹೋದ ಪತ್ರಕ್ಕೂ ಬಂದ ಉತ್ತರಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ವಾರ್ಷಿಕೋತ್ಸವ ಪದಕದಿಂದ ಆರಂಭಿಸಬೇಕೆಂಬುದು ನಮಗೆ ಹೊಳೆದಿರಲಿಲ್ಲ. ತಂದೆಯವರೊಂದಿಗೆ ಅದೇ ಘಟಕದಲ್ಲಿದ್ದ ಒಬ್ಬರು ತುಮಕೂರು ಜಿಲ್ಲೆಯಲ್ಲಿದ್ದಾರೆ, ಅವರ ಪುಸ್ತಕದಲ್ಲಿ ಪೂರ್ವಿ ಸ್ಟಾರ್ ನಮೂದಾಗಿದೆ. ಅವರ ಹೇಳಿಕೆ ಉಪಯೋಗಕ್ಕೆ ಬರುತ್ತದೆಯೇ? ಕಚೇರಿಯವರು ಮತ್ತೆ ಒಂದೇ ಸಾಲಿನ ಉತ್ತರ ಕೊಟ್ಟರೆ ಮುಂದಿನ ದಾರಿ ಯಾವುದು?

ಉತ್ತರ: ವಕೀಲರು, ಬೆಂಗಳೂರು

ಜೊತೆಯಲ್ಲಿದ್ದವರ ಹೇಳಿಕೆ ಖಂಡಿತ ಉಪಯುಕ್ತ. ಅದನ್ನು ನೋಟರಿಯ ಮುಂದೆ ಪ್ರಮಾಣಪತ್ರವಾಗಿ ಮಾಡಿಸಿ. ತಾವು ಯಾವ ಘಟಕದ ಯಾವ ಪ್ಲಟೂನಿನಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ನಿಮ್ಮ ತಂದೆಯವರ ಜೊತೆಗಿದ್ದರೆಂಬುದನ್ನು ಅವರು ಹೇಳಬೇಕು, ತಮ್ಮ ಡಿಸ್ಚಾರ್ಜ್ ಬುಕ್‌ನ ಪದಕಗಳ ಪುಟದ ಪ್ರತಿಯನ್ನೂ ಸೇರಿಸಬೇಕು. ಹೊಗಳಿಕೆಯ ಮಾತುಗಳು ಅದರಲ್ಲಿ ಬೇಡ. ಸಾಕ್ಷಿಗೂ ವಯಸ್ಸಾಗಿರುವುದರಿಂದ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಿ.

ಆದರೆ ಅರ್ಜಿಗಿಂತ ಮುಂಚೆ ಕಚೇರಿಯಲ್ಲಿ ನಿಜವಾಗಿ ಏನಿದೆಯೆಂದು ತಿಳಿದುಕೊಳ್ಳುವುದು ಅಗತ್ಯ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ, ಶೀಟ್ ರೋಲ್‌ನ ದೃಢೀಕೃತ ಪ್ರತಿ, 1971 ಮತ್ತು 1972ರ ವರ್ಗಾವಣೆಗಳ ಪಾರ್ಟ್ ಟೂ ಆರ್ಡರ್‌ಗಳು ಹಾಗೂ ಪದಕಗಳಿಗೆ ಸಂಬಂಧಿಸಿದ ನಮೂದುಗಳ ಪ್ರತಿಗಳನ್ನು ಕೇಳಿ. ಪದಕ ಏಕೆ ಕೊಡಲಿಲ್ಲವೆಂಬ ಪ್ರಶ್ನೆ ಹಾಕಿದರೆ ಅದು ಮಾಹಿತಿಯಲ್ಲವೆಂದು ತಿರಸ್ಕರಿಸುತ್ತಾರೆ. ದಾಖಲೆಯ ಪ್ರತಿ ಕೇಳಿದರೆ ಕೊಡಲೇಬೇಕಾಗುತ್ತದೆ. ಅರ್ಜಿ ತಂದೆಯವರ ಹೆಸರಿನಲ್ಲಿಯೇ ಇರಲಿ. ಮಗಳಾಗಿ ನೀವು ಕೇಳಿದರೆ ಇನ್ನೊಬ್ಬರ ವೈಯಕ್ತಿಕ ಮಾಹಿತಿಯೆಂಬ ಆಕ್ಷೇಪಣೆ ಬರಬಹುದು. ಅವರಿಗೆ ಸಹಿ ಮಾಡಲು ಕಷ್ಟವಾದರೆ ಹೆಬ್ಬೆರಳಿನ ಗುರುತನ್ನು ಸಾಕ್ಷಿಗಳ ಸಹಿಯೊಂದಿಗೆ ಹಾಕಿಸಿ. ಮಾಹಿತಿಗೆ 30 ದಿನಗಳ ಗಡುವಿದೆ, ಉತ್ತರ ಬಾರದಿದ್ದರೆ ಅಥವಾ ಅಪೂರ್ಣವಾಗಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು.

ಸೇವಾ ಕಾಗದಗಳನ್ನು ಶಾಶ್ವತವಾಗಿ ಇಡುವುದಿಲ್ಲವೆಂಬುದನ್ನೂ ಗಮನದಲ್ಲಿಡಿ. ಪಿಂಚಣಿಯಿಲ್ಲದೆ ಬಂದವರ ಕಡತಗಳನ್ನು 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ. ಪಿಂಚಣಿದಾರರ ಕಾಗದಗಳು ಹೆಚ್ಚು ಕಾಲ ಉಳಿಯುತ್ತವೆ, ಆದರೆ ಅವುಗಳಿಗೂ ಮಿತಿಯಿದೆ. ನಿಮ್ಮ ತಂದೆಯವರು ನಿವೃತ್ತರಾಗಿ ನಲವತ್ತು ವರ್ಷಗಳ ಮೇಲಾಗಿದೆ, ಆದ್ದರಿಂದ ಇನ್ನು ತಡಮಾಡುವುದು ಬೇಡ. ಕಾಗದ ನಾಶವಾಗಿದೆಯೆಂದು ಹೇಳಿದರೆ ಲಾಂಗ್ ರೋಲ್‌ನ (ದಳದ ಸೈನಿಕರ ಸಂಕ್ಷಿಪ್ತ ವಿವರಗಳ ದಾಖಲೆ ಪುಸ್ತಕ) ಪ್ರತಿ ಕೇಳಿ, ಅದನ್ನು ಕಾಯಂ ಆಗಿ ಇಡುತ್ತಾರೆ.

ಎಲ್ಲ ದಾಖಲೆಗಳನ್ನು ಕೊಟ್ಟ ಮೇಲೂ ತಿರಸ್ಕರಿಸಿದರೆ, ಕಾರಣಸಹಿತವಾದ ಲಿಖಿತ ಆದೇಶವನ್ನು ಪಡೆದುಕೊಳ್ಳಿ. ಅದರ ವಿರುದ್ಧ 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದ ಪ್ರಕರಣಗಳು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ಅಂತಿಮ ಆದೇಶದಿಂದ ಆರು ತಿಂಗಳ ಕಾಲಮಿತಿಯಿದೆ, ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಮಂಡಳಿಗಿದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಕರಣ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ನಿಮಗೆ ಬಂದಿರುವ ಒಂದು ಸಾಲಿನ ಪತ್ರ ನೀವು ಯಾವ ದಾಖಲೆಯನ್ನೂ ಕೊಡದಿದ್ದಾಗ ಬಂದದ್ದು, ಅದನ್ನು ಅಂತಿಮವೆಂದು ಎಣಿಸಬೇಡಿ.

ಉತ್ತರ: ನಿವೃತ್ತ ಸುಬೇದಾರ್ (ಕ್ಲರ್ಕ್), ಬೆಳಗಾವಿ

ವಕೀಲರು ಹೇಳಿದ ಕ್ರಮವೇ ಸರಿ. ಅರ್ಜಿಯನ್ನು ಕೊನೆಯದಾಗಿ ಸೇವೆ ಸಲ್ಲಿಸಿದ ಘಟಕಕ್ಕಲ್ಲ, ಅವರ ದಳದ ರೆಕಾರ್ಡ್ ಆಫೀಸಿಗೆ ಕಳಿಸಬೇಕೆಂಬುದನ್ನು ಸೇರಿಸುತ್ತೇನೆ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಅದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿ ದಳದವರಿಗೆ ನಮ್ಮ ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟ್‌ನವರಿಗೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳದವರಿಗೆ ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನವರಿಗೆ ಜಬಲ್ಪುರದಲ್ಲಿ, ಇ.ಎಂ.ಇ.ಯವರಿಗೆ (ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ದಳ) ಸಿಕಂದರಾಬಾದಿನಲ್ಲಿದೆ.

ಮೂಲ ಡಿಸ್ಚಾರ್ಜ್ ಬುಕ್ ಅನ್ನು ಅಂಚೆಯಲ್ಲಿ ಕಳಿಸಲು ಒಪ್ಪಬೇಡಿ. ಮೊದಲು ದೃಢೀಕೃತ ಪ್ರತಿ ಕೊಡಿ. ಪಾರ್ಟ್ ಟೂ ಆರ್ಡರ್ ಪ್ರಕಟವಾದ ನಂತರ ನಮೂದಿಗಾಗಿ ಖುದ್ದಾಗಿ ತೆಗೆದುಕೊಂಡು ಹೋಗಿ, ಅಥವಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಸ್ವೀಕೃತಿ ಪಡೆದು ಕೊಡಿ. ಪದಕಗಳನ್ನು ಅಂಗಡಿಯಲ್ಲಿ ಕೊಂಡು ಸಮಾಧಾನಪಟ್ಟುಕೊಂಡವರನ್ನು ನಾನು ಕಂಡಿದ್ದೇನೆ, ಅವುಗಳ ಅಂಚಿನಲ್ಲಿ ಏನೂ ಕೆತ್ತಿರುವುದಿಲ್ಲ. ಸರ್ಕಾರ ಕೊಡುವ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಇರುತ್ತವೆ. ಮೊದಲ ಬಾರಿಗೆ ಕೊಡುವ ಪದಕಕ್ಕೆ ಹಣ ಕಟ್ಟಬೇಕಾಗಿಲ್ಲ, ಕಳೆದುಹೋದದ್ದಕ್ಕೆ ಬದಲಿ ಪಡೆಯುವಾಗ ಮಾತ್ರ ಶುಲ್ಕ. ಆದ್ದರಿಂದ ಪದಕ ಈವರೆಗೆ ಕೈಸೇರಿಲ್ಲವೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ಅದನ್ನು ಬದಲಿ ಪದಕದ ಕೋರಿಕೆಯೆಂದು ತಿಳಿದು ಬೇರೆ ವಿಭಾಗಕ್ಕೆ ಕಳಿಸಿಬಿಡುತ್ತಾರೆ. ಪದಕ ಬಂದ ದಿನವೇ ಅಂಚಿನ ಸಂಖ್ಯೆಯನ್ನು ಡಿಸ್ಚಾರ್ಜ್ ಬುಕ್‌ನೊಂದಿಗೆ ತಾಳೆ ನೋಡಿ, ಒಂದಕ್ಷರ ತಪ್ಪಿದ್ದರೂ ಕೂಡಲೇ ಲಿಖಿತವಾಗಿ ತಿಳಿಸಿ.